ಯಜಮಾನರು ಹೋದ ಮೇಲೆ ಉಳಿಯುವ ಕಾರು

ಬೆಂಗಳೂರಿನಿಂದ ಹಳೆ ಕಾರುಗಳ ಸಾಲೊಂದು ಮೈಸೂರಿಗೆ ಹೊರಟಿತೆಂದರೆ ಅದು ಚನ್ನಪಟ್ಟಣದ ಪಕ್ಕದ ಬೈರಾಪಟ್ಟಣದ ಸೀಮೆಯನ್ನು ಹಾಯದೆ ಮುಂದೆ ಹೋಗುವಂತಿಲ್ಲ. ಬಿಡದಿ, ರಾಮನಗರ, ಕೆಂಗಲ್, ಚನ್ನಪಟ್ಟಣ, ಆಮೇಲೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ. ಅರಸರ ಕಾಲದಿಂದಲೂ ದಾರಿ ಇದೇ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಹತ್ತುಪಥದ ಹೆದ್ದಾರಿ ಊರುಗಳನ್ನು ಬದಿಗಿಟ್ಟು ಹಾರಿಹೋಗುತ್ತದೆ. ಅಲ್ಲಿ ನೂರರ ವೇಗದಲ್ಲಿ ಬರುವ ಗಾಡಿಗಳ ನಡುವೆ ನಲವತ್ತು, ಐವತ್ತರಲ್ಲಿ ಹಾಯಾಗಿ ಓಡುವ 1930ರ ಕಾರಿಗೆ ಜಾಗವಿಲ್ಲ. ಹಾಗಾಗಿ ಹಳೆ ಕಾರಿನವರು ಸರ್ವಿಸ್ ರಸ್ತೆಯನ್ನೋ ಊರೊಳಗಿನ ಹಳೆ ರಸ್ತೆಯನ್ನೋ ಹಿಡಿಯುತ್ತಾರೆ. ಇದು ನೋಡುವ ಜನರ ಪುಣ್ಯ. ಟೀ ಅಂಗಡಿಯ ಮುಂದೆ ಕಾರು ನಿಂತ ಕೂಡಲೇ ಸುತ್ತ ಹತ್ತು ಜನ ಸೇರುತ್ತಾರೆ. ‘ಅಣ್ಣಾ, ಯಾವ ವರ್ಷದ್ದು?’ ‘ಎಷ್ಟು ಕೊಡುತ್ತೆ?’ ‘ಇದನ್ನ ಮಾರ್ತೀರಾ?’ ಈ ಮೂರು ಪ್ರಶ್ನೆ ಎಲ್ಲ ಊರಲ್ಲೂ ಬರುತ್ತವೆ. ನಾಲ್ಕನೆಯದು ಅಪರೂಪಕ್ಕೆ ಬರುತ್ತದೆ, ಅದೂ ಗುಂಪಿನ ಹಿಂದೆ ಕೈಯಲ್ಲಿ ಸ್ಪ್ಯಾನರ್ ಹಿಡಿದು ನಿಂತ ಮೆಕ್ಯಾನಿಕ್ ಹುಡುಗನಿಂದ: ‘ಸಾರ್, ಇದರ ಕೆಲಸ ಮಾಡೋರು ಯಾರು?’

ಹಳೆ ಕಾರುಗಳ ಕ್ಲಬ್ ಎಂಬ ಸಂಸ್ಥೆಯನ್ನು ಪರಿಚಯಿಸಲು ನನಗೆ ಆ ನಾಲ್ಕನೆಯ ಪ್ರಶ್ನೆಗಿಂತ ಒಳ್ಳೆಯ ಬಾಗಿಲು ಕಾಣುವುದಿಲ್ಲ. ಏಕೆಂದರೆ ಅದಕ್ಕೆ ಉತ್ತರ ಹೇಳಬಲ್ಲವರು ಒಬ್ಬೊಬ್ಬರಾಗಿ ನಮ್ಮನ್ನು ಬಿಟ್ಟು ಹೋಗುತ್ತಿದ್ದಾರೆ. ಕ್ಲಬ್ಬಿನ ಹಿರಿಯರೊಬ್ಬರು ತೀರಿಕೊಂಡಾಗ ಮಿತ್ರರೆಲ್ಲ ತಮ್ಮ ತಮ್ಮ ಕಾರುಗಳಲ್ಲೇ ಬಂದು ಸೇರುತ್ತಾರೆ, ಹಾರ ಹಾಕುತ್ತಾರೆ, ಹಳೆಯ ಓಟಗಳ ನೆನಪು ತೆಗೆಯುತ್ತಾರೆ. ಎಲ್ಲ ಮುಗಿದ ಮೇಲೆ ಶೆಡ್ಡಿನಲ್ಲಿ ಕಾರು ಹಾಗೇ ನಿಂತಿರುತ್ತದೆ. ಬೀಗದ ಕೈ ಮೊಳೆಗೆ ತೂಗುತ್ತಿರುತ್ತದೆ. ಅದನ್ನು ಹೇಗೆ ಸ್ಟಾರ್ಟ್ ಮಾಡುವುದೆಂದು ಮನೆಯಲ್ಲಿ ಯಾರಿಗೂ ತಿಳಿದಿರುವುದಿಲ್ಲ.

ನಮ್ಮ ರಾಜ್ಯದಲ್ಲಿ ಹಳೆ ಕಾರುಗಳನ್ನು ಉಳಿಸುವ ಕೆಲಸಕ್ಕೆ ನಿಂತಿರುವ ಹೆಸರಾಂತ ಕೂಟ ಬೆಂಗಳೂರಿನ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್. ಇಂಥ ಕೂಟಗಳ ಪದ್ಧತಿ ಬೆಳೆದದ್ದು ಇಂಗ್ಲೆಂಡಿನಲ್ಲಿ. ಅಲ್ಲಿ 1865ರ ಕಾಯ್ದೆಯೊಂದರ ಪ್ರಕಾರ ಯಂತ್ರದ ಗಾಡಿಯ ಮುಂದೆ ಕೆಂಪು ಬಾವುಟ ಹಿಡಿದವನೊಬ್ಬ ನಡೆಯಬೇಕಿತ್ತು. 1896ರ ನವೆಂಬರ್ 14ರಂದು ವೇಗದ ಕಟ್ಟು ಸಡಿಲವಾಯಿತು. ಅಂದೇ ಮೋಟಾರು ಪ್ರಿಯರು ಲಂಡನ್ನಿನಿಂದ ಬ್ರೈಟನ್ನಿಗೆ ಓಡಿಸಿ ಸಂಭ್ರಮಪಟ್ಟರು. ಆ ಓಟದ ನೆನಪಿಗೆ ಇಂದಿಗೂ ನವೆಂಬರಿನಲ್ಲಿ 1905ಕ್ಕಿಂತ ಹಿಂದಿನ ಕಾರುಗಳು ಅದೇ ದಾರಿಯಲ್ಲಿ ಓಡುತ್ತವೆ. 1930ರಲ್ಲಿ ವೆಟರನ್ ಕಾರ್ ಕ್ಲಬ್, 1934ರಲ್ಲಿ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ ಹುಟ್ಟಿದವು. 1930ರ ಕೊನೆಯೊಳಗೆ ತಯಾರಾದದ್ದಷ್ಟೇ ವಿಂಟೇಜ್ ಎಂಬ ಗೆರೆ ಎಳೆದದ್ದು ಈ ಎರಡನೆಯ ಕ್ಲಬ್. ಅದನ್ನು ಕಟ್ಟಿದವರು ಹೊಸ ಕಾರು ಕೊಳ್ಳಲಾಗದ, ಕೈಯಲ್ಲಿ ಹಳೆಯದಿದ್ದ ಹುಡುಗರು ಎಂಬುದು ನನಗೆ ತುಂಬ ಮುಖ್ಯವಾಗಿ ಕಾಣುತ್ತದೆ. ದೇಶದೇಶಗಳ ಕ್ಲಬ್ಬುಗಳ ಒಕ್ಕೂಟ ‘ಫಿವಾ’ 1966ರಲ್ಲಿ ಬಂತು. ಅದರ ಲೆಕ್ಕದಲ್ಲಿ ಮೂವತ್ತು ವರ್ಷ ತುಂಬಿದ ವಾಹನ ಚಾರಿತ್ರಿಕ. ಭಾರತ ಸರ್ಕಾರದ ಲೆಕ್ಕ ಬೇರೆ, ಅದಕ್ಕೆ ಮುಂದೆ ಬರುತ್ತೇನೆ.

ಹಳೆ ಕಾರು ಶ್ರೀಮಂತರ ಶೋಕಿ ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿ ಕುಳಿತಿದೆ. ಮೈಸೂರು ಅರಮನೆಯ ನೆರಳು ಅದಕ್ಕೆ ಕಾರಣವಿರಬಹುದು. 2013ರ ಡಿಸೆಂಬರ್ 10ರಂದು ಅರವತ್ತರ ವಯಸ್ಸಿನಲ್ಲಿ ನಿಧನರಾದ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರನ್ನು ಜನ ನೆನೆಯುವಾಗ ದಸರಾ, ಲೋಕಸಭೆ, ಕ್ರಿಕೆಟ್ ಸಂಸ್ಥೆಗಳ ಜೊತೆಗೆ ಕಾರುಗಳ ಮೇಲಿನ ಅವರ ಪ್ರೀತಿಯನ್ನೂ ನೆನೆಯುತ್ತಾರೆ. ಮುಂಬಯಿಯ ಪ್ರಾಣ್‌ಲಾಲ್ ಭೋಗಿಲಾಲ್ 2011ರಲ್ಲಿ ತೀರಿಕೊಂಡಾಗ ಅವರ ಹಿಂದೆ ಅಹಮದಾಬಾದಿನ ಬಳಿಯ ದಾಸ್ತಾನ್ ಎಸ್ಟೇಟಿನಲ್ಲಿ ನೂರಕ್ಕೂ ಹೆಚ್ಚು ಕಾರುಗಳ ಸಂಗ್ರಹಾಲಯವೇ ಉಳಿದಿತ್ತು. ಅಂಥ ದೊಡ್ಡ ಸಂಗ್ರಹಕ್ಕೆ ಕಟ್ಟಡವಿರುತ್ತದೆ, ಆಳುಕಾಳಿರುತ್ತಾರೆ, ಹೆಸರಿರುತ್ತದೆ. ನನ್ನ ಚಿಂತೆ ಅವರದ್ದಲ್ಲ. ಒಂದೇ ಒಂದು ಮಾರಿಸ್ ಅಥವಾ ಆಸ್ಟಿನ್ ಇಟ್ಟುಕೊಂಡು ಅದನ್ನು ಜೀವಮಾನವಿಡೀ ಓಡಿಸಿದವರದ್ದು. ಡಾಕ್ಟರು, ವಕೀಲರು, ಕಾಫಿ ತೋಟದವರು, ರೇಷ್ಮೆ ವ್ಯಾಪಾರದವರು. ನಮ್ಮ ಸಣ್ಣ ಊರುಗಳಿಗೆ ಮೊದಮೊದಲು ಕಾರು ತಂದವರು ಇವರೇ. ಮುಂದೆ ಆ ಕಾರು ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗುವ ಕಾಲ ಬಂದಾಗ, ಅದನ್ನು ಅಡ್ಡಗಟ್ಟಿ ಮನೆಗೆ ತಂದವರು ಸಂಬಳದ ಮೇಲೆ ಬದುಕಿದ್ದ ಯಂತ್ರಮೋಹಿಗಳು. ಆಗ ಹಳೆ ಕಾರಿಗೆ ಬೆಲೆ ಇರಲಿಲ್ಲ, ಅದಕ್ಕೇ ಅವರ ಕೈಗೆ ಎಟುಕಿತು. ಆ ತಲೆಮಾರಿಗೆ ಈಗ ಎಪ್ಪತ್ತು, ಎಂಬತ್ತು ದಾಟಿದೆ.

ಅವರೊಂದಿಗೆ ಏನು ಹೋಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲು ಸ್ಟಾರ್ಟ್ ಮಾಡುವುದನ್ನೇ ತೆಗೆದುಕೊಳ್ಳಿ. ಕ್ಯಾಡಿಲಾಕಿನ 1912ರ ಮಾದರಿಗೆ ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರ್ ಬರುವವರೆಗೆ ಎಲ್ಲರೂ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ನಮ್ಮಲ್ಲಿ ಅಂಬಾಸಿಡರಿನ ಕಾಲದಲ್ಲೂ ಹ್ಯಾಂಡಲ್ ಡಿಕ್ಕಿಯಲ್ಲೇ ಇರುತ್ತಿತ್ತು. ಹ್ಯಾಂಡಲ್ ಹೊಡೆಯುವುದಕ್ಕೊಂದು ಕ್ರಮವಿದೆ. ಮೊದಲು ಸ್ಟಿಯರಿಂಗಿನ ಬಳಿಯ ಸನ್ನೆಯಿಂದ ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸಬೇಕು. ಹಿಡಿಯನ್ನು ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕು, ಸುತ್ತಿ ಹಿಡಿಯಬಾರದು. ಕೆಳಗಿನಿಂದ ಮೇಲಕ್ಕೆ ಒಂದೇ ಜಗ್ಗು. ಕಿಡಿ ಮುಂಚೆ ಹತ್ತಿ ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಬೆರಳಿನಿಂದ ಜಾರಿಹೋಗಬೇಕು. ಹೆಬ್ಬೆರಳು ಅಡ್ಡ ಸಿಕ್ಕರೆ ಮಣಿಕಟ್ಟೇ ಮುರಿಯುತ್ತದೆ. ಓದಿ ತಿಳಿದರೆ ಇದು ನಾಲ್ಕು ಸಾಲು. ಪಕ್ಕದಲ್ಲಿ ಒಬ್ಬರು ನಿಂತು ಹೇಳಿಕೊಡದೆ ಮೊದಲ ಸಲ ಮಾಡಲು ಯಾರಿಗೂ ಧೈರ್ಯ ಬರುವುದಿಲ್ಲ, ಬರಲೂಬಾರದು.

ಓಡಿಸುವುದೂ ಹಾಗೆಯೇ. 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಫೋರ್ಡ್ ಟಿ ಮಾದರಿಯಲ್ಲಿ ಮೂರು ಪೆಡಲ್‌ಗಳಿವೆ, ಆದರೆ ಎಕ್ಸಲರೇಟರ್ ಕಾಲಿನಲ್ಲಿಲ್ಲ, ಸ್ಟಿಯರಿಂಗಿನ ಕೆಳಗೆ ಕೈಯಲ್ಲಿದೆ. ಎಡ ಪೆಡಲ್ ಒತ್ತಿದರೆ ಗೇರು, ನಡುವಿನದು ಹಿಂದಕ್ಕೆ, ಬಲದ್ದು ಬ್ರೇಕು. ಅದೇ ಕಾಲದ ಕೆಲವು ಯುರೋಪಿನ ಕಾರುಗಳಲ್ಲಿ ಎಕ್ಸಲರೇಟರ್ ನಡುವೆ ಕೂತಿದೆ. ಇಂದಿನ ಅಭ್ಯಾಸದ ಕಾಲನ್ನು ಅಲ್ಲಿಟ್ಟರೆ ನಿಲ್ಲಿಸಲು ಹೋದವನು ನುಗ್ಗುತ್ತಾನೆ. ಗೇರ್ ಬದಲಿಸಲು ಕ್ಲಚ್ಚನ್ನು ಎರಡು ಸಲ ಒತ್ತಬೇಕು, ನಡುವೆ ಎಂಜಿನ್ನಿನ ಸುತ್ತು ಎಷ್ಟಿದೆ ಎಂದು ಕಿವಿಯಿಂದಲೇ ಅಳೆಯಬೇಕು. ಹೊಂದಿದರೆ ಗೇರ್ ಸದ್ದಿಲ್ಲದೆ ಬೀಳುತ್ತದೆ, ಹೊಂದದಿದ್ದರೆ ಇಡೀ ಬೀದಿಗೆ ಕೇಳುತ್ತದೆ.

ಇನ್ನು ಕೆಲಸಗಾರಿಕೆ. ಮಾರಿಸ್ ಕಾರಿನ ಎಂಜಿನ್ ಬಿಚ್ಚಲು ಹೊರಟವರಿಗೆ ಒಂದು ವಿಚಿತ್ರ ಎದುರಾಗುತ್ತದೆ. ಬೋಲ್ಟಿನ ತಲೆಗೆ ಇಂಗ್ಲಿಷ್ ಅಳತೆಯ ವಿಟ್‌ವರ್ತ್ ಸ್ಪ್ಯಾನರೇ ಕೂರುತ್ತದೆ, ಆದರೆ ಒಳಗಿನ ಮರೆ ಫ್ರೆಂಚ್ ಮಿಲಿಮೀಟರ್ ಲೆಕ್ಕದ್ದು. ಮೊದಲ ಮಹಾಯುದ್ಧದ ನಂತರ ಮಾರಿಸ್‌ಗೆ ಎಂಜಿನ್ ಮಾಡಿಕೊಟ್ಟದ್ದು ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿಯ ಕೊವೆಂಟ್ರಿ ಕಾರ್ಖಾನೆ. ಅವರ ಯಂತ್ರಗಳೆಲ್ಲ ಫ್ರೆಂಚ್ ಅಳತೆಯವು. 1923ರಲ್ಲಿ ಮಾರಿಸ್ ಆ ಕಾರ್ಖಾನೆಯನ್ನೇ ಕೊಂಡರೂ ಯಂತ್ರಗಳನ್ನು ಬದಲಿಸಲಿಲ್ಲ. ದಶಕಗಳ ಕಾಲ ಅದೇ ಮರೆ ಮುಂದುವರಿಯಿತು. ಇದನ್ನು ಅರಿಯದ ಗ್ಯಾರೇಜಿನಲ್ಲಿ ಹತ್ತಿರದ ಅಳತೆಯ ಬೋಲ್ಟನ್ನು ಬಲವಾಗಿ ತಿರುಗಿಸಿ ಬ್ಲಾಕಿನ ಮರೆಯನ್ನೇ ಹಾಳುಮಾಡುತ್ತಾರೆ. ಅರಿತವರು ಬೋಲ್ಟನ್ನು ಬೆರಳಲ್ಲಿ ಎರಡು ಸುತ್ತು ತಿರುಗಿಸಿ ನೋಡಿಯೇ ಬೇಡ ಎಂದುಬಿಡುತ್ತಾರೆ. ಕಲ್ಕತ್ತೆಯ ಹಿಂದುಸ್ತಾನ್ ಮೋಟರ್ಸ್ ಮಾರಿಸ್‌ನ ಮಾದರಿಗಳನ್ನೇ ನಮ್ಮ ದೇಶದ್ದಾಗಿಸಿತು. ಹಿಂದುಸ್ತಾನ್ 10, ಆಮೇಲೆ ಲ್ಯಾಂಡ್‌ಮಾಸ್ಟರ್, ಆಮೇಲೆ 2014ರವರೆಗೆ ಬಾಳಿದ ಅಂಬಾಸಿಡರ್. ಹಾಗಾಗಿ ಮಾರಿಸ್ ಬಲ್ಲ ಮೆಕ್ಯಾನಿಕ್ಕು ಒಂದು ಕಾಲಕ್ಕೆ ತಾಲ್ಲೂಕಿಗೊಬ್ಬನಾದರೂ ಇದ್ದ.

ಹಳೆ ಎಂಜಿನ್ನುಗಳಲ್ಲಿ ಈಗಿನಂತೆ ಡಬ್ಬಿಯಿಂದ ತೆಗೆದು ಹಾಕುವ ಬೇರಿಂಗ್ ಇರುವುದಿಲ್ಲ. ತವರ ಮುಖ್ಯವಾಗಿರುವ ‘ವೈಟ್ ಮೆಟಲ್’ ಎಂಬ ಮೆತ್ತನೆ ಮಿಶ್ರಲೋಹವನ್ನು ಕರಗಿಸಿ, ಕನೆಕ್ಟಿಂಗ್ ರಾಡಿನ ಬಾಯಿಗೆ ಸುರಿದು, ತಣಿದ ಮೇಲೆ ಶಾಫ್ಟಿಗೆ ತಕ್ಕಂತೆ ಕೊರೆದು, ಕೊನೆಗೆ ಕೈಯಲ್ಲಿ ಕೆರೆದು ಹೊಂದಿಸಬೇಕು. ಶಾಫ್ಟಿಗೆ ನೀಲಿ ಬಣ್ಣ ಸವರಿ ಕೂರಿಸಿ ತೆಗೆದರೆ ಎಲ್ಲಿ ಉಬ್ಬಿದೆ ಎಂಬುದು ಗುರುತಾಗುತ್ತದೆ, ಅಷ್ಟನ್ನೇ ಕೆರೆಯಬೇಕು, ಮತ್ತೆ ಕೂರಿಸಿ ನೋಡಬೇಕು. ಲೋಹದ ಬಿಸಿ ಹೆಚ್ಚಾದರೂ ಕಡಿಮೆಯಾದರೂ ಅದು ಹಿಡಿದುಕೊಳ್ಳುವುದಿಲ್ಲ. ಈ ಕೆಲಸ ಮಾಡುತ್ತಿದ್ದ ಲೇತ್ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿ ಸಾಲಿನಲ್ಲಿ ಕೇಳಿಕೊಂಡು ಹೋದರೆ ಹಳೆ ಹೆಸರುಗಳನ್ನು ಹೇಳುವವರು ಸಿಗುತ್ತಾರೆ. ಆ ಹೆಸರಿನವರು ಬಹಳಷ್ಟು ಜನ ಈಗಿಲ್ಲ.

ಪೆಟ್ರೋಲಿನ ಸಂಗತಿ ಇನ್ನೂ ತೀಕ್ಷ್ಣ. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲ್ ಬಂತು. ಜನರ ಆರೋಗ್ಯಕ್ಕೆ ಅದು ಆಗಲೇಬೇಕಿತ್ತು. ಆದರೆ ಹಳೆ ಎಂಜಿನ್ನಿನ ವಾಲ್ವ್ ಕೂರುವ ಜಾಗಕ್ಕೆ ಆ ಸೀಸವೇ ಮೆತ್ತೆಯಾಗಿತ್ತು. ಅದಿಲ್ಲದೆ ಎರಕದ ಕಬ್ಬಿಣ ಬೇಗ ಸವೆಯುತ್ತದೆ. ಬಲ್ಲವರು ಹೆಡ್ ಬಿಚ್ಚಿ ಗಟ್ಟಿ ಲೋಹದ ಉಂಗುರ ಕೂರಿಸಿಕೊಂಡರು. ಈಗ ಶೇಕಡಾ ಇಪ್ಪತ್ತರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಂದಿದೆ. ಎಥನಾಲ್ ನೀರನ್ನು ಹೀರುತ್ತದೆ, ಹಳೆ ರಬ್ಬರಿನ ಪೈಪು, ವಾಷರ್, ಪಂಪಿನ ಪರದೆಗಳನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ, ನಿಂತ ಕಾರಿನ ಟ್ಯಾಂಕಿನಲ್ಲಿ ತುಕ್ಕು ತರುತ್ತದೆ. ಯಾವ ಪೈಪನ್ನು ಯಾವುದಕ್ಕೆ ಬದಲಿಸಬೇಕೆಂಬುದು ಕಂಪನಿಯ ಹಳೆ ಪುಸ್ತಕದಲ್ಲಿ ಇರಲು ಸಾಧ್ಯವಿಲ್ಲ, ಏಕೆಂದರೆ ಪುಸ್ತಕ ಬರೆದಾಗ ಈ ಪೆಟ್ರೋಲೇ ಇರಲಿಲ್ಲ. ಈ ತಿಳಿವಳಿಕೆ ಕ್ಲಬ್ಬಿನ ಸದಸ್ಯರು ಒಬ್ಬರಿಗೊಬ್ಬರು ಹೇಳಿಕೊಂಡು ಉಳಿಸಿಕೊಂಡದ್ದು. ಕ್ಲಬ್ ಎಂದರೆ ಭಾನುವಾರದ ಮೆರವಣಿಗೆ ಎಂದು ತಿಳಿದವರಿಗೆ ಈ ಅರ್ಧ ಕಾಣುವುದೇ ಇಲ್ಲ.

ಮೋಟಾರಿನ ಮೊದಲ ದೂರ ಪ್ರಯಾಣದಲ್ಲೇ ಈ ರಿಪೇರಿಯ ಕಥೆ ಶುರುವಾಗಿತ್ತು. 1888ರ ಆಗಸ್ಟಿನಲ್ಲಿ ಬೆರ್ತಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಮೂರು ಚಕ್ರದ ಮೋಟಾರಿನಲ್ಲಿ ಹೊರಟಳು. ಸುಮಾರು ನೂರು ಕಿಲೋಮೀಟರ್. ಬೆಂಗಳೂರಿನಿಂದ ಹೊರಟು ಮಂಡ್ಯ ಮುಟ್ಟುವಷ್ಟು ದಾರಿ. ಇಂಧನ ಮುಗಿದಾಗ ವೀಸ್‌ಲೋಖ್‌ನ ಔಷಧಿ ಅಂಗಡಿಯಲ್ಲಿ ಕೊಂಡಳು. ಕಟ್ಟಿಕೊಂಡ ಇಂಧನದ ನಳಿಕೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದಳು. ಬ್ರೇಕು ಸವೆದಾಗ ದಾರಿಯ ಚಮ್ಮಾರನಿಂದ ತೊಗಲು ಹೊಡೆಸಿದಳು. ಮೋಟಾರಿನ ಇತಿಹಾಸದಲ್ಲಿ ದಾರಿಬದಿಯ ಕೆಲಸಗಾರನ ಹೆಸರು ಎಲ್ಲೂ ಬರೆದಿಲ್ಲ, ಆದರೆ ಮೊದಲ ದಿನದಿಂದಲೇ ಅವನಿದ್ದಾನೆ.

ನಮ್ಮ ನಾಡಿಗೂ ಮೋಟಾರಿಗೂ ಇರುವ ನಂಟು ಅರಮನೆಯ ರೋಲ್ಸ್ ರಾಯ್ಸ್‌ಗಳಿಗೆ ಮುಗಿಯುವುದಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟು ಎಷ್ಟೋ ವರ್ಷಗಳ ನಂತರ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಭಾರತಕ್ಕೊಂದು ಮೋಟಾರು ಕಾರ್ಖಾನೆ ಬೇಕೆಂದು ಯೂರೋಪು, ಅಮೆರಿಕಗಳನ್ನು ಸುತ್ತಿ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡರು, ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ನೆಲೆ ಕೊಡಲು ಮುಂದೆ ಬಂತು, ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಅದೇ ವಾಲ್‌ಚಂದ್, ಅದೇ ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದರು. ಕಾರಿನ ಕಾರ್ಖಾನೆ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ ಮುಂಬಯಿಗೆ ಹೋಯಿತು. ಕಪ್ಪು ಹಳದಿ ಟ್ಯಾಕ್ಸಿಯಾಗಿ ಊರು ಸುತ್ತಿದ ಪದ್ಮಿನಿ ಆ ಕಾರ್ಖಾನೆಯ ಮಗಳು. ಬೆಂಗಳೂರಿನ ಹಳೆ ಕಾರಿನ ಶೆಡ್ಡಿನಲ್ಲಿ ಪದ್ಮಿನಿ ಕಂಡಾಗಲೆಲ್ಲ ನನಗೆ ಅದು ತವರಿಗೆ ಬಂದಂತೆ ತೋರುತ್ತದೆ.

ಬೆಂಗಳೂರು ತಾನೂ ಕಾರು ಮಾಡಿತು. ಎಪ್ಪತ್ತರ ದಶಕದಲ್ಲಿ ಸನ್‌ರೈಸ್ ಎಂಬ ಬೆಂಗಳೂರಿನ ಸಂಸ್ಥೆ ‘ಬಾದಲ್’ ಎಂಬ ಮೂರು ಚಕ್ರದ, ಫೈಬರ್ ಮೈಯ ಕಾರನ್ನು ಹೊರತಂದಿತು. ಅದೇ ಮುಂದೆ ಸಿಪಾನಿ ಆಟೊಮೊಬೈಲ್ಸ್ ಆಗಿ, 1982ರಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಮಾದರಿಯ ಮೇಲೆ 848 ಸಿ.ಸಿ.ಯ ‘ಡಾಲ್ಫಿನ್’ ತಂದಿತು. ಹಗುರ ಮೈಯ ಆ ಪುಟ್ಟ ಕಾರು ರ್‍ಯಾಲಿಗಳಲ್ಲಿ ಚೆನ್ನಾಗಿ ಓಡಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಅದಕ್ಕೆ ಉಳಿಗಾಲವಿರಲಿಲ್ಲ. ಇಂದು ಬಾದಲ್ ಕಾಣಬೇಕೆಂದರೆ ರೋಲ್ಸ್ ರಾಯ್ಸ್‌ಗಿಂತ ಹೆಚ್ಚು ಹುಡುಕಬೇಕು. ರೋಲ್ಸ್ ರಾಯ್ಸ್ ಉಳಿಸಲು ಜಗತ್ತಿನ ಎಲ್ಲೆಡೆ ಹಣವಂತರಿದ್ದಾರೆ, ಅದರ ಬಿಡಿಭಾಗ ಇಂದೂ ದೊರೆಯುತ್ತದೆ. ಬಾದಲ್ ಉಳಿಸಬೇಕಾದವರು ಕನ್ನಡನಾಡಿನವರೇ, ಬೇರೆ ಯಾರೂ ಬರುವುದಿಲ್ಲ. ಕ್ಲಬ್ಬಿನ ಪ್ರದರ್ಶನದಲ್ಲಿ ಬಹುಮಾನ ಹೊಳೆಯುವ ಕಾರಿಗೆ ಹೋಗುವಾಗ ಮೂಲೆಯಲ್ಲಿ ಮಾಸಿದ ಡಾಲ್ಫಿನ್ ನಿಂತಿದ್ದರೆ, ಅದನ್ನು ಉಳಿಸಿದವರ ಕೈ ಕುಲುಕಿ ಬರಬೇಕೆಂದು ನನ್ನ ಆಸೆ.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಹಳೆಯದನ್ನು ಉಳಿಸುವ ಕೆಲಸಕ್ಕೆ ಒಳ್ಳೆಯ ಪಾಠ. 1960ರ ದಶಕದಿಂದ ಜಾವಾ, 1973ರಿಂದ ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ಮಾಡಿದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಕಾರ್ಖಾನೆ ಸತ್ತರೂ ಗಾಡಿಗಳು ಸಾಯಲಿಲ್ಲ. ಕಾರಣ, ಬೆಂಗಳೂರು, ಮೈಸೂರುಗಳ ಜಾವಾ ಯೆಜ್ಡಿ ಬಳಗಗಳು ಹಳೆ ಕಾರ್ಮಿಕರನ್ನೂ ಮೆಕ್ಯಾನಿಕ್ಕುಗಳನ್ನೂ ಬಿಡಲಿಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ನೂರಾರು ಗಾಡಿಗಳು ಸೇರುತ್ತವೆ. ಓಡಿಸುವವರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ಹುಟ್ಟಿದ ಹುಡುಗ ಹುಡುಗಿಯರೂ ಇರುತ್ತಾರೆ. ಅವರಿಗೆ ಕಲಿಸಿದವರು ಇನ್ನೂ ಅಂಗಡಿಯಲ್ಲಿ ಕೂತಿದ್ದಾಗಲೇ ಅವರು ಹೋಗಿ ಕೇಳಿದರು. ಕಾರಿನ ಬಳಗಕ್ಕೆ ಈ ಅವಸರ ಇನ್ನೂ ಅಷ್ಟಾಗಿ ಹತ್ತಿಲ್ಲ.

ಬೈರಾಪಟ್ಟಣದ ಪಕ್ಕದ ಗೊಂಬೆಗಳ ಊರು ಚನ್ನಪಟ್ಟಣಕ್ಕೆ ಹೀಗೆ ಕೈಯಿಂದ ಕೈಗೆ ಬರುವ ಕಲಿಕೆಯ ಬೆಲೆ ಗೊತ್ತು. ಆಲೆಮರದ ತುಂಡನ್ನು ಮರ ಕಡೆಯುವ ಪಟ್ಟಡಿಗೆ ಕೊಟ್ಟು, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ, ಉಜ್ಜುವ ಬಿಸಿಗೇ ಅರಗು ಕರಗಿ ಹಿಡಿಯುವಂತೆ ಮಾಡಿ, ಮೇಲೆ ಗರಿಯಿಂದ ಹೊಳಪು ಕೊಡುವ ಕೆಲಸವನ್ನು ಇಲ್ಲಿ ಯಾರೂ ಪುಸ್ತಕದಿಂದ ಕಲಿತಿಲ್ಲ. ಬಾವಾಸ್ ಮಿಯಾ ಎಂಬ ಹಿರಿಯರ ಹೆಸರನ್ನು ಇಂದಿಗೂ ಇಲ್ಲಿನ ಗೊಂಬೆಯವರು ಗೌರವದಿಂದ ಎತ್ತುವುದು ಅವರು ಕಲಿತದ್ದನ್ನು ಊರಿಗೆಲ್ಲ ಹಂಚಿದರು ಎಂಬ ಕಾರಣಕ್ಕೆ. ಗೊಂಬೆ ಅಂಗಡಿಗಳ ಸಾಲಿನಲ್ಲಿ ಮರದ ಕಾರುಗಳು ಇಂದೂ ಮಾರಾಟವಾಗುತ್ತವೆ, ಅವುಗಳ ದುಂಡನೆಯ ಮೈ ಹಳೆ ಕಾಲದ ಕಾರಿನದೇ. ಹಳೆ ಕಾರಿನವರಿಗೆ ಇಲ್ಲಿ ನೇರ ಉಪಯೋಗವೂ ಇದೆ. 1920ರ ದಶಕದ ಬಹುಪಾಲು ಕಾರುಗಳ ಮೈಯೊಳಗೆ ಇರುವುದು ಮರದ ಚೌಕಟ್ಟು, ಅದರ ಮೇಲೆ ತಗಡು ಬಡಿದಿರುತ್ತಾರೆ. ಫೋರ್ಡ್ ಟಿಯ ಚಕ್ರದ ಅರಗಳು ಮರದವು. ಎಷ್ಟೋ ಕಾರುಗಳಲ್ಲಿ ಗೇರಿನ ಹಿಡಿ, ಡ್ಯಾಶ್‌ಬೋರ್ಡು, ಬಾಗಿಲ ಅಂಚಿನ ಪಟ್ಟಿ ಎಲ್ಲವೂ ಮರ. ಗೇರಿನ ಹಿಡಿಯೊಂದನ್ನು ಕಡೆಸಲು ವಿದೇಶಕ್ಕೆ ಬರೆಯುವ ಮುಂಚೆ ಇಲ್ಲಿನ ಪಟ್ಟಡಿಯ ಮುಂದೆ ಕಾರು ನಿಲ್ಲಿಸಿ ಕೇಳಬಾರದೇಕೆ?

ಇದೇ ದಾರಿಯಲ್ಲಿ ಮುಂದೆ ಹೋದರೆ ಶ್ರೀರಂಗಪಟ್ಟಣದ ಬಳಿ ‘ಪಯಣ’ ಇದೆ. ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರು ದಶಕಗಳಿಂದ ಕೂಡಿಸಿದ ಹಳೆ ಕಾರುಗಳನ್ನು ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿ ಬಹಳ ಜನ ನೋಡಿದ್ದಾರೆ; 2023ರಲ್ಲಿ ಹೆದ್ದಾರಿಯ ಪಕ್ಕದಲ್ಲೇ ಪಯಣ ತೆರೆಯಿತು. ಮೈಸೂರಿಗೆ ಹೋಗುವವರು ಒಂದು ಗಂಟೆ ಎತ್ತಿಟ್ಟುಕೊಂಡು ಮಕ್ಕಳನ್ನು ಕರೆದೊಯ್ಯಬೇಕಾದ ಜಾಗ. ಕಾರುಗಳನ್ನು ಒಪ್ಪವಾಗಿ ಇಟ್ಟಿದ್ದಾರೆ. ಆದರೂ ಸಂಗ್ರಹಾಲಯದ ಕಾರಿಗೂ ಓಡುವ ಕಾರಿಗೂ ವ್ಯತ್ಯಾಸವಿದೆ. ಓಡದೆ ನಿಂತ ಕಾರಿನ ಸೀಲುಗಳು ಎಣ್ಣೆ ತಾಗದೆ ಒಣಗುತ್ತವೆ, ಬ್ರೇಕಿನ ಸಿಲಿಂಡರ್ ಹಿಡಿದುಕೊಳ್ಳುತ್ತದೆ, ಟೈರು ನಿಂತ ಜಾಗದಲ್ಲೇ ಚಪ್ಪಟೆಯಾಗುತ್ತದೆ. ಕಾರಿನ ರೂಪವನ್ನು ಸಂಗ್ರಹಾಲಯ ಉಳಿಸುತ್ತದೆ, ಅದರ ಚಾಲನೆಯನ್ನು ಉಳಿಸಲು ವಾರಕ್ಕೊಮ್ಮೆ ಕಾರನ್ನು ಹೊರಗೆ ತೆಗೆಯುವವರೇ ಬೇಕು. ಇವೆರಡೂ ಬೇಕೆಂಬುದು ನನ್ನ ಅಭಿಪ್ರಾಯ, ಎರಡನೆಯದಕ್ಕೆ ಈಗ ಜನ ಕಡಿಮೆ.

ಇಂಗ್ಲೆಂಡಿನ ಬಿಸೆಸ್ಟರಿನಲ್ಲಿ ಹಳೆ ವಿಮಾನಪಡೆಯ ನೆಲೆಯೊಂದನ್ನು ಹಳೆ ಮೋಟಾರುಗಳ ಕೆಲಸದ ಊರನ್ನಾಗಿ ಮಾಡಿದ್ದಾರೆ. ಅಲ್ಲಿ ಹದಿಹರೆಯದವರಿಗೆ ಇದೇ ಕಸುಬನ್ನು ಕಲಿಸುವ ಶಾಲೆಯಿದೆ. ನಮ್ಮ ಐಟಿಐಗಳಲ್ಲಿ ಮೋಟಾರ್ ವಾಹನದ ಮೆಕ್ಯಾನಿಕ್ ಎಂಬ ಪಾಠ ಮೊದಲಿನಿಂದ ಇದೆ, ಹುಡುಗರೂ ಇದ್ದಾರೆ. ಕ್ಲಬ್ಬುಗಳು ಅಗಲಿದ ಸದಸ್ಯರ ಹೆಸರಿನಲ್ಲಿ ಕಪ್, ಫಲಕ ಕೊಡುತ್ತವೆ. ಅದರ ಬದಲು ಒಬ್ಬ ಹುಡುಗನಿಗೆ ಒಂದು ವರ್ಷದ ಸಂಬಳ ಕೊಟ್ಟು ಹಿರಿಯ ಮೆಕ್ಯಾನಿಕ್ಕಿನ ಕೈಕೆಳಗೆ ಬಿಟ್ಟರೆ ಹೋದವರಿಗೆ ಅದಕ್ಕಿಂತ ದೊಡ್ಡ ಸ್ಮಾರಕ ಬೇಕಿಲ್ಲ. ಇದ್ದವರ ಬಳಿ ಈಗಲೇ ಕೂತು, ಮೊಬೈಲಿನಲ್ಲಿ ಚಿತ್ರ ಹಿಡಿದು, ಕೆಲಸ ಮಾಡುತ್ತಲೇ ಹೇಳಿಸಬೇಕು. ಕಾರ್ಬುರೇಟರಿನ ಯಾವ ಸ್ಕ್ರೂ ಎಷ್ಟು ಸುತ್ತು, ಬೇಸಿಗೆಯಲ್ಲಿ ಪೆಟ್ರೋಲ್ ಆವಿಯಾಗಿ ಪಂಪ್ ಎಳೆಯದಿದ್ದರೆ ಒದ್ದೆ ಬಟ್ಟೆಯನ್ನು ಎಲ್ಲಿಗೆ ಸುತ್ತಬೇಕು, ಯಾವ ಸದ್ದಿಗೆ ಹೆದರಬೇಕು, ಯಾವುದಕ್ಕೆ ಬೇಡ. ಪ್ರತಿ ಕಾರಿಗೂ ಅದರದೇ ಒಂದು ನೋಟ್‌ಬುಕ್ ಇರಬೇಕು, ಕನ್ನಡದಲ್ಲಿ, ಗ್ಯಾರೇಜಿನವರು ಓದುವ ಹಾಗೆ.

ಕಾನೂನು ಈಗ ಮೊದಲಿಗಿಂತ ಸಹಾಯಕವಾಗಿದೆ. 2021ರಲ್ಲಿ ಕೇಂದ್ರದ ನಿಯಮಕ್ಕೆ ತಿದ್ದುಪಡಿ ಬಂದು, ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಖಾಸಗಿ ಕಾರು ಹಾಗೂ ದ್ವಿಚಕ್ರಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಅವಕಾಶವಾಯಿತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಬಾಳಿಕೆ, ನವೀಕರಣಕ್ಕೆ 5,000 ರೂಪಾಯಿ. ಹೊಸದಾಗಿ ನೋಂದಾಯಿಸುವ ಕಾರಿಗೆ ‘ವಿಎ’ ಅಕ್ಷರಗಳ ನಂಬರ್ ಬರುತ್ತದೆ, ಆಗಲೇ ನೋಂದಣಿ ಇದ್ದದ್ದು ತನ್ನ ಹಳೆ ನಂಬರನ್ನೇ ಇಟ್ಟುಕೊಳ್ಳಬಹುದು. ಈ ಕೊನೆಯದು ದೊಡ್ಡ ಸಮಾಧಾನ. ಮೈಸೂರು ರಾಜ್ಯದ ಕಾಲದ ‘ಎಂವೈ’, ಆಮೇಲಿನ ‘ಸಿಎ’ ಅಕ್ಷರಗಳ ಫಲಕ ಕಾರಿನ ಜಾತಕವೇ ಸರಿ, ಅದನ್ನು ಕಿತ್ತರೆ ಊರಿನ ಚರಿತ್ರೆಯನ್ನೂ ಕಿತ್ತಂತೆ. ಇಂಥ ಕಾರನ್ನು ಬಾಡಿಗೆಗೆ, ವ್ಯಾಪಾರಕ್ಕೆ ಬಳಸುವಂತಿಲ್ಲ; ಪ್ರದರ್ಶನ, ರ್‍ಯಾಲಿ, ಇಂಧನ, ರಿಪೇರಿಗಳಿಗೆ ರಸ್ತೆಗಿಳಿಸಬಹುದು.

ಯಜಮಾನರನ್ನು ಕಳೆದುಕೊಂಡ ಮನೆಯವರಿಗೆ ಕೆಲವು ಮಾತು. ಅವಸರದಲ್ಲಿ ಮಾರಬೇಡಿ, ಬಿಡಿಬಿಡಿಯಾಗಿಯಂತೂ ಮಾರಲೇಬೇಡಿ. ಶೆಡ್ಡಿನ ಮೂಲೆಯಲ್ಲಿರುವ ತುಕ್ಕು ಹಿಡಿದ ಡಬ್ಬಿಗಳನ್ನು ಗುಜರಿಗೆ ಹಾಕಬೇಡಿ. ಅಲ್ಲಿರುವ ಒಂದು ಸಣ್ಣ ಗೇರು ಮತ್ತೆಲ್ಲೂ ಸಿಗದೆ ಹೋಗಬಹುದು. ಮಾಲೀಕರು ತೀರಿಕೊಂಡ ಮೂವತ್ತು ದಿನದೊಳಗೆ ಆರ್‌ಟಿಒ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ. ಹಳೆ ಆರ್‌ಸಿ ಪುಸ್ತಕ, ತೆರಿಗೆ ಚೀಟಿ, ಫೋಟೊ, ಅವರ ಕೈಬರಹದ ಚೀಟಿಗಳನ್ನೆಲ್ಲ ಒಂದೇ ಕಡೆ ಇಡಿ. ಅವರ ಕಾರಿನ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ ಯಾರೆಂದು ಹುಡುಕಿ ಮನೆಗೆ ಕರೆಸಿ. ಅವರು ಬರುವವರೆಗೆ ಯಾರೂ ಸ್ಟಾರ್ಟ್ ಮಾಡಲು ಹೋಗಬಾರದು. ಬಂದವರು ಮೊದಲು ಬ್ಯಾಟರಿಯ ತಂತಿ ಬಿಚ್ಚಲಿ, ಟ್ಯಾಂಕಿನ ಹಳೆ ಪೆಟ್ರೋಲನ್ನು ಪೂರ್ತಿ ಇಳಿಸಲಿ, ಪ್ಲಗ್ ತೆಗೆದು ಸಿಲಿಂಡರಿಗೆ ಒಂದೊಂದು ಚಮಚ ಎಣ್ಣೆ ಬಿಟ್ಟು, ಹ್ಯಾಂಡಲನ್ನು ಕೈಯಲ್ಲಿ ನಿಧಾನ ತಿರುಗಿಸಿ ನೋಡಲಿ. ಆಗ ಮನೆಯ ಮಕ್ಕಳು ಯಾರಾದರೂ ಪಕ್ಕದಲ್ಲಿ ನಿಂತಿರಲಿ, ಕೇಳಿದ್ದನ್ನೆಲ್ಲ ಬರೆದುಕೊಳ್ಳಲಿ.